ಕ್ಯಾಮೆರಾ ಹಾಕಿ ಹೋಗುವ ಮೊದಲು ಅದರ ಸೆಟ್ಟಿಂಗ್ ಸರಿಪಡಿಸಿ

ಮಾನ್ಯ ಸಂಪಾದಕರೇ,

ನಾನು ಮೂಡಿಗೆರೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ಕಾಫಿಗೂ ಕಾಳುಮೆಣಸಿಗೂ ಬೆಲೆ ಏರಿದ ಮೇಲೆ ನಮ್ಮ ಭಾಗದಲ್ಲಿ ಕಣಕ್ಕೆ, ಗೋದಾಮಿಗೆ, ಮನೆಯ ಗೇಟಿಗೆ ಸಿಸಿಟಿವಿ ಕ್ಯಾಮೆರಾ ಹಾಕಿಸುವುದು ಸಾಮಾನ್ಯವಾಗಿದೆ. ಆದರೆ ಹಾಕಿಸಿದ ಮೇಲೆ ಅದರ ರೆಕಾರ್ಡರ್‌ನ ಸೆಟ್ಟಿಂಗ್‌ಗಳನ್ನು ಒಮ್ಮೆಯಾದರೂ ತೆರೆದು ನೋಡಿದವರು ವಿರಳ. ನಾನೂ ನೋಡಿರಲಿಲ್ಲ. ಅದರಿಂದ ಈ ಬಾರಿಯ ಕೊಯ್ಲಿನಲ್ಲಿ ಒಬ್ಬ ನಿರಪರಾಧಿ ಹುಡುಗನ ಮೇಲೆ ನಮ್ಮ ಮನೆಯಿಂದಲೇ ಕಳ್ಳತನದ ಅಪವಾದ ಬಂದಿತು. ಬೇರೆಯವರ ಮನೆಯಲ್ಲಿ ಹೀಗಾಗಬಾರದು ಎಂಬ ಕಾರಣಕ್ಕೆ ಈ ಪತ್ರವನ್ನು ಬರೆಯುತ್ತಿದ್ದೇನೆ.

ಜನವರಿಯ ಒಂದು ರಾತ್ರಿ ಕಣದ ಅಂಚಿನಲ್ಲಿ ಕಟ್ಟಿಟ್ಟಿದ್ದ ನಾಲ್ಕು ಚೀಲ ಒಣಗಿದ ರೊಬಸ್ಟಾ ಕಳುವಾಯಿತು. ಬೆಳಿಗ್ಗೆ ಎಲ್ಲರೂ ಕೂತು ರೆಕಾರ್ಡಿಂಗ್ ನೋಡಿದೆವು. ಒಬ್ಬ ವ್ಯಕ್ತಿ ಚೀಲವನ್ನು ಹೆಗಲಿಗೇರಿಸಿಕೊಂಡು ಹೋಗುವುದು ಕಾಣಿಸಿತು. ಮುಖ ಮಾತ್ರ ಕಲಸಿದಂತಿತ್ತು, ಮೈಕಟ್ಟಿನಿಂದ ಇಂಥವನೇ ಎಂದು ಹೇಳುವಂತಿರಲಿಲ್ಲ. ಚಿತ್ರದ ಮೂಲೆಯಲ್ಲಿ ಸಮಯ 4 ಗಂಟೆ 40 ನಿಮಿಷ ಎಂದಿತ್ತು. ಆ ಹೊತ್ತಿಗೆ ದಿನವೂ ಕಣ ದಾಟಿ ಕೊಟ್ಟಿಗೆಗೆ ಹಾಲು ಕರೆಯಲು ಬರುವವನು ನಮ್ಮ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಹುಡುಗ ಒಬ್ಬನೇ. ಯಾರೂ ಅವನನ್ನು ಕಳ್ಳ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಅವನನ್ನು ನೋಡುವ ರೀತಿ ಬದಲಾಯಿತು. ಮೂರು ದಿನ ಅವನು ತಲೆ ತಗ್ಗಿಸಿಕೊಂಡೇ ಕೆಲಸಕ್ಕೆ ಬಂದ. ನಾಲ್ಕನೆಯ ದಿನ ನನ್ನ ಸೊಸೆ ಅದೇ ರೆಕಾರ್ಡಿಂಗನ್ನು ಇನ್ನಷ್ಟು ಮುಂದಕ್ಕೆ ಓಡಿಸಿ ನೋಡಿದಾಗ, ಪರದೆಯಲ್ಲಿ ಬೆಳಗಿನ 8 ಗಂಟೆ ಎಂದಿದ್ದರೂ ಕಣದಲ್ಲಿ ಇನ್ನೂ ಗಾಢ ಕತ್ತಲೆ ಇದ್ದುದು ಅವಳ ಕಣ್ಣಿಗೆ ಬಿತ್ತು. ಗೋಡೆ ಗಡಿಯಾರವನ್ನು ಪಕ್ಕಕ್ಕೆ ಹಿಡಿದು ನೋಡಿದಾಗ ರೆಕಾರ್ಡರ್‌ನ ಗಡಿಯಾರ ಸರಿಯಾಗಿ ಎರಡೂವರೆ ಗಂಟೆ ಮುಂದಿತ್ತು. ಅಂದರೆ ಕಳವು ನಡೆದದ್ದು ರಾತ್ರಿ 2 ಗಂಟೆ 10 ನಿಮಿಷಕ್ಕೆ. ಆ ಹುಡುಗ ಕೊಟ್ಟಿಗೆಗೆ ಬಂದು ಹೋದದ್ದು ಪರದೆಯ ಪ್ರಕಾರ 7 ಗಂಟೆ 10 ನಿಮಿಷದ ಜಾಗದಲ್ಲಿ ಸ್ಪಷ್ಟವಾಗಿತ್ತು. ಅಲ್ಲಿ ನೋಡಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಎರಡೂವರೆ ಗಂಟೆಯ ಈ ಅಂತರ ಆಕಸ್ಮಿಕವಲ್ಲ. ನಮ್ಮ ಕಡೆ ಈಗಾಗಲೇ ಹಾಕಿರುವ ಎಷ್ಟೋ ಕ್ಯಾಮೆರಾ ಮತ್ತು ರೆಕಾರ್ಡರ್‌ಗಳು ಚೀನಾದಲ್ಲಿ ತಯಾರಾದವು. ಅವುಗಳ ಸಮಯ ವಲಯ ಕಾರ್ಖಾನೆಯಿಂದಲೇ ಜಿಎಂಟಿ +8:00 (ಗ್ರೀನ್‌ವಿಚ್ ಸಮಯಕ್ಕಿಂತ ಎಂಟು ಗಂಟೆ ಮುಂದೆ) ಎಂದು ಬಂದಿರುವುದುಂಟು. ನಮ್ಮದು +5:30. ಹಾಕುವವರು ಆ ದಿನ ಗಡಿಯಾರವನ್ನು ಕೈಯಿಂದ ತಿರುಗಿಸಿ ಸರಿ ಮಾಡಿ ಹೋಗುತ್ತಾರೆ. ಆಮೇಲೆ ರೆಕಾರ್ಡರ್‌ಗೆ ಇಂಟರ್‌ನೆಟ್ ಸಿಕ್ಕ ಕೂಡಲೇ ಅದು ಎನ್‌ಟಿಪಿ (ಇಂಟರ್‌ನೆಟ್‌ನಿಂದ ಗಡಿಯಾರ ಹೊಂದಿಸುವ ವ್ಯವಸ್ಥೆ) ಮೂಲಕ ಸಮಯವನ್ನು ತಾನಾಗಿ ತರಿಸಿಕೊಂಡು, ಸಮಯ ವಲಯ ತಪ್ಪಾಗಿರುವುದರಿಂದ ಮತ್ತೆ ಎರಡೂವರೆ ಗಂಟೆ ಮುಂದಕ್ಕೆ ಜಿಗಿಯುತ್ತದೆ. ಆದ್ದರಿಂದ ಗಡಿಯಾರವನ್ನು ಸರಿಪಡಿಸುವ ಮೊದಲು ಸಮಯ ವಲಯವನ್ನು +5:30ಕ್ಕೆ ಇಡಬೇಕು, ಡೇಲೈಟ್ ಸೇವಿಂಗ್ ಎಂಬುದನ್ನು ಆಫ್ ಮಾಡಬೇಕು (ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಆ ಪದ್ಧತಿ ನಮ್ಮ ದೇಶದಲ್ಲಿ ಇಲ್ಲ), ಆನಂತರ ಎನ್‌ಟಿಪಿಯನ್ನು ಆನ್ ಮಾಡಬೇಕು. ಇಂಟರ್‌ನೆಟ್ ಇಲ್ಲದ ತೋಟದ ಮನೆಗಳಲ್ಲಿ ಇನ್ನೊಂದು ತೊಂದರೆಯಿದೆ. ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ರೆಕಾರ್ಡರ್ ಒಳಗಿರುವ ನಾಣ್ಯದ ಗಾತ್ರದ ಚಿಕ್ಕ ಬ್ಯಾಟರಿ. ಅದು ಸತ್ತಿದ್ದರೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗಿ ಬಂದಾಗ ದಿನಾಂಕವೇ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಸಮಯ ತಪ್ಪಾಗಿರುವ ಕ್ಯಾಮೆರಾ ಇರುವುದಕ್ಕಿಂತ ಕ್ಯಾಮೆರಾ ಇಲ್ಲದಿರುವುದೇ ಮೇಲು ಎಂದು ನಾನು ಈಗ ನಂಬಿದ್ದೇನೆ, ಏಕೆಂದರೆ ಕ್ಯಾಮೆರಾ ಇಲ್ಲದಿದ್ದರೆ ನಾವು ಆ ಹುಡುಗನನ್ನು ಅನುಮಾನಿಸುತ್ತಿರಲಿಲ್ಲ.

ಇನ್ನು ಮುಖ ಕಾಣದೇ ಹೋದ ವಿಷಯ. ಅಂಗಡಿಯಲ್ಲಿ ನಮಗೆ ಹೇಳಿದ್ದು ಕ್ಯಾಮೆರಾ 1080 ಪಿ, ಫುಲ್ ಎಚ್‌ಡಿ, ಇಡೀ ಕಣ ಒಂದೇ ಕ್ಯಾಮೆರಾದಲ್ಲಿ ಕಾಣುತ್ತದೆ ಎಂದು. ಕಾಣುತ್ತದೆ ನಿಜ. ಆದರೆ ಅಪರಿಚಿತನೊಬ್ಬನ ಮುಖವನ್ನು ಗುರುತಿಸಲು ದೃಶ್ಯದ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ (ಚಿತ್ರವನ್ನು ಮೂಡಿಸುವ ಚುಕ್ಕಿ) ಬೇಕು ಎಂಬುದು ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಲೆಕ್ಕ. 1080 ಪಿ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಏಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಮನೆಗಳಿಗೆ ಹೆಚ್ಚಾಗಿ ಹಾಕುವ 2.8 ಮಿಲಿಮೀಟರ್ ಲೆನ್ಸ್ ಸುಮಾರು ನೂರು ಡಿಗ್ರಿ ಅಗಲಕ್ಕೆ ನೋಡುವುದರಿಂದ, ಕ್ಯಾಮೆರಾದಿಂದ ಮೂರು ಮೀಟರ್ ದೂರ ಹೋಗುವಷ್ಟರಲ್ಲೇ ದೃಶ್ಯ ಅಷ್ಟು ಅಗಲವಾಗಿಬಿಡುತ್ತದೆ. ನಮ್ಮ ಚೀಲಗಳಿದ್ದದ್ದು ನಲವತ್ತು ಅಡಿ ಆಚೆ. ಅಲ್ಲಿ ಒಬ್ಬ ಮನುಷ್ಯನ ಮುಖದ ಅಗಲಕ್ಕೆ ಸಿಗುವುದು ಹತ್ತು ಹನ್ನೊಂದು ಪಿಕ್ಸೆಲ್ ಮಾತ್ರ. ಇದನ್ನು ಯಾವ ಸೆಟ್ಟಿಂಗಿನಿಂದಲೂ ಸರಿಪಡಿಸಲಾಗದು; ಗೇಟು, ಮೆಟ್ಟಿಲು, ಗೋದಾಮಿನ ಬಾಗಿಲು ಮುಂತಾಗಿ ಬಂದವರು ಹಾದುಹೋಗಲೇಬೇಕಾದ ಕಿರಿದಾದ ಜಾಗಕ್ಕೆ ಕಡಿಮೆ ಅಗಲವನ್ನು ದೊಡ್ಡದಾಗಿ ತೋರಿಸುವ 4 ಅಥವಾ 6 ಮಿಲಿಮೀಟರ್ ಲೆನ್ಸಿನ ಕ್ಯಾಮೆರಾವೊಂದನ್ನು ಪ್ರತ್ಯೇಕವಾಗಿ ಇಡಬೇಕು. ಸೆಟ್ಟಿಂಗಿನಲ್ಲಿ ನೋಡಬೇಕಾದದ್ದು ಬೇರೆ: ಕೆಲವು ಡಿವಿಆರ್‌ಗಳಲ್ಲಿ (ರೆಕಾರ್ಡರ್‌ಗಳಲ್ಲಿ) ರೆಸಲ್ಯೂಷನ್, ಅಂದರೆ ಚಿತ್ರದ ಪಿಕ್ಸೆಲ್ ಅಳತೆ, 1080 ಎನ್ ಅಥವಾ 1080 ಲೈಟ್ ಎಂದಿರುತ್ತದೆ. ಹೆಸರಿನಲ್ಲಿ 1080 ಇದ್ದರೂ ಅದರ ಅಗಲ 960 ಪಿಕ್ಸೆಲ್, ಅಂದರೆ ಅರ್ಧ. ಪೂರ್ತಿ ಹಣ ಕೊಟ್ಟು ತಂದ ಕ್ಯಾಮೆರಾದಿಂದ ಅರ್ಧ ಚಿತ್ರವನ್ನು ಉಳಿಸಿಕೊಳ್ಳುತ್ತಿರುವ ಮನೆಗಳು ನಮ್ಮ ಊರಿನಲ್ಲೇ ಇವೆ.

ಆ ಹತ್ತು ಪಿಕ್ಸೆಲ್ ಕೂಡ ಕಲಸಿಹೋದದ್ದಕ್ಕೆ ಕಾರಣ ಶಟರ್. ಕತ್ತಲಾದಾಗ ಕ್ಯಾಮೆರಾ ತಾನಾಗಿ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರಿನಂತೆ ನಡೆಯುವವನು 1/25 ಸೆಕೆಂಡಿನಲ್ಲಿ 6 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ, ಆದ್ದರಿಂದ ಮುಖ ಅಷ್ಟು ಉದ್ದಕ್ಕೆ ಎಳೆದಂತೆ ಮೂಡುತ್ತದೆ. ಶಟರನ್ನು 1/100ಕ್ಕೆ ಇಟ್ಟರೆ ಈ ಎಳೆತ ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಚಿತ್ರ ಕಪ್ಪಾಗುವುದರಿಂದ ಅಲ್ಲಿಗೆ ಒಂದು ಎಲ್‌ಇಡಿ ಬಲ್ಬು ಬೇಕು. ಆ ಬಲ್ಬಿನ ಖರ್ಚು ಬಹಳ ಸಣ್ಣದು, ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ನಮ್ಮ ಮಲೆನಾಡಿನಲ್ಲಿ ಬಲ್ಬು ಬೇಕಾಗುವುದಕ್ಕೆ ಇನ್ನೂ ಒಂದು ಕಾರಣವಿದೆ. ರಾತ್ರಿ ಕ್ಯಾಮೆರಾ ತನ್ನ ಸುತ್ತಲಿನ ಅವಕೆಂಪು (ಇನ್‌ಫ್ರಾರೆಡ್) ದೀಪಗಳಿಂದ ನೋಡುತ್ತದೆ. ಮಂಜು ಕವಿದಾಗ, ಜುಲೈ ತಿಂಗಳ ಜಡಿಮಳೆಯಲ್ಲಿ, ಅಥವಾ ಸೂರಿನ ಜೇಡ ಲೆನ್ಸಿನ ಮುಂದೆ ಬಲೆ ಕಟ್ಟಿದಾಗ ಆ ಕಿರಣಗಳು ಹತ್ತಿರದಲ್ಲೇ ತಾಗಿ ವಾಪಸಾಗಿ, ಇಡೀ ಚಿತ್ರ ಬಿಳಿಯ ತೆರೆಯಂತಾಗುತ್ತದೆ. ಅಂಥ ಕಡೆ ದೂರದಲ್ಲಿ ಪ್ರತ್ಯೇಕ ದೀಪ ಹಾಕಿ ಕ್ಯಾಮೆರಾದ ಅವಕೆಂಪು ದೀಪವನ್ನು ಆರಿಸುವುದು ಒಳ್ಳೆಯದು. ಹದಿನೈದು ದಿನಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಬಲೆ ತೆಗೆಯುವುದನ್ನು ನಮ್ಮ ಮನೆಯಲ್ಲಿ ಈಗ ರೂಢಿ ಮಾಡಿದ್ದೇವೆ. ವಿದ್ಯುತ್ ದೀಪದ ಕೆಳಗೆ ಚಿತ್ರ ಮಿನುಗುತ್ತಿದ್ದರೆ ಆವರ್ತನವನ್ನು 60ರಿಂದ 50 ಹರ್ಟ್ಸ್‌ಗೆ ಬದಲಿಸಬೇಕು. ನಮ್ಮ ದೇಶದ ವಿದ್ಯುತ್ತಿನ ಆವರ್ತನ ಅದೇ.

ಇಷ್ಟಾದ ಮೇಲೆ ಹೇಳಬೇಕಾದದ್ದು, ನಮ್ಮ ಕೈಯಲ್ಲಿದ್ದ ಆ ಮಸುಕು ಸಾಕ್ಷ್ಯವೂ ಉಳಿಯಲಿಲ್ಲ ಎಂಬುದು. ಗಡಿಯಾರದ ತಪ್ಪು ತಿಳಿದ ಮೇಲೆ ಠಾಣೆಗೆ ದೂರು ಕೊಟ್ಟೆವು. ಅವರು ಮೂಲ ರೆಕಾರ್ಡಿಂಗಿನ ಪ್ರತಿ ಕೇಳಿದರು. ಪೆನ್‌ಡ್ರೈವಿಗೆ ತೆಗೆದುಕೊಡಲು ಕ್ಯಾಮೆರಾ ಹಾಕಿದವರು ಬಂದದ್ದು ಏಳನೆಯ ದಿನ. ಅಷ್ಟರಲ್ಲಿ ಆ ರಾತ್ರಿಯ ಮೇಲೆ ಹೊಸ ರೆಕಾರ್ಡಿಂಗ್ ಬರೆದುಕೊಂಡು ಮುಗಿದಿತ್ತು. ನಮಗೆ ತಿಂಗಳು ಉಳಿಯುತ್ತದೆ ಎಂದು ಹೇಳಿದ್ದರು. ಆಗ ಕೂತು ನಾನು ಲೆಕ್ಕ ಹಾಕಿದೆ. ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಮಾಹಿತಿಯ ಪ್ರಮಾಣ) 1 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 1 ಮೆಗಾಬಿಟ್, ಇದ್ದರೆ ಒಂದು ಕ್ಯಾಮೆರಾ ದಿನಕ್ಕೆ 10.8 ಜಿಬಿ ತುಂಬುತ್ತದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಉಳಿದದ್ದು ಗುಣಾಕಾರ. ನಮ್ಮ ನಾಲ್ಕು ಕ್ಯಾಮೆರಾಗಳೂ ಕಾರ್ಖಾನೆಯಿಂದ ಬಂದಂತೆ 4096 ಕೆಬಿಪಿಎಸ್‌ನಲ್ಲಿ, ಅಂದರೆ ಸುಮಾರು 4 ಎಂಬಿಪಿಎಸ್‌ನಲ್ಲಿ ಹಗಲಿರುಳು ಓಡುತ್ತಿದ್ದವು: ದಿನಕ್ಕೆ 173 ಜಿಬಿ. 1 ಟಿಬಿ ಹಾರ್ಡ್ ಡಿಸ್ಕ್ ಆರು ದಿನ ತುಂಬುವುದರೊಳಗೆ ಮುಗಿಯುತ್ತದೆ. ತಿಂಗಳ ಮಾತು ಎಲ್ಲಿಂದ ಬಂತೋ ತಿಳಿಯದು.

ಈಗ ಕಣ ಮತ್ತು ಗೇಟಿನ ಕ್ಯಾಮೆರಾಗಳನ್ನು 2 ಎಂಬಿಪಿಎಸ್‌ಗೂ ಹಿತ್ತಿಲು ಮತ್ತು ಕೊಟ್ಟಿಗೆಯವನ್ನು 1 ಎಂಬಿಪಿಎಸ್‌ಗೂ ಇಟ್ಟಿದ್ದೇನೆ. ಒಟ್ಟು ದಿನಕ್ಕೆ ಸುಮಾರು 65 ಜಿಬಿ. ಡಿಸ್ಕನ್ನು 2 ಟಿಬಿಗೆ ಬದಲಿಸಿದ್ದರಿಂದ ತಿಂಗಳು ನಿಜವಾಗಿಯೂ ಉಳಿಯುತ್ತಿದೆ. ಚಿತ್ರ ಕೆಡದಂತೆ ಬಿಟ್‌ರೇಟನ್ನು ಇಳಿಸಲು ಎರಡು ದಾರಿಗಳಿವೆ. ಮೊದಲನೆಯದು ವಿಡಿಯೊವನ್ನು ಕುಗ್ಗಿಸುವ ವಿಧಾನವಾಗಿ ಎಚ್.264 ಬದಲು ಎಚ್.265 ಆಯ್ದುಕೊಳ್ಳುವುದು, ಅದು ಹೆಚ್ಚು ಕಡಿಮೆ ಅರ್ಧ ಜಾಗದಲ್ಲಿ ಅದೇ ಗುಣಮಟ್ಟವನ್ನು ಕೊಡುತ್ತದೆ, ಹಳೆಯ ಕಂಪ್ಯೂಟರುಗಳಲ್ಲಿ ತೆರೆಯಲು ಕೆಲವೊಮ್ಮೆ ತಕರಾರು ಮಾಡಬಹುದು. ಎರಡನೆಯದು ಫ್ರೇಮ್ ರೇಟ್. ಸೆಕೆಂಡಿಗೆ 25 ಚಿತ್ರ ಮನೆಯ ಕಾವಲಿಗೆ ಅನಗತ್ಯ, 12ರಿಂದ 15 ಧಾರಾಳವಾಗಿ ಸಾಕು. ಅದೇ ಬಿಟ್‌ರೇಟ್ ಕಡಿಮೆ ಚಿತ್ರಗಳಿಗೆ ಹಂಚಿಕೆಯಾಗುವುದರಿಂದ ಒಂದೊಂದು ಚಿತ್ರವೂ ಹೆಚ್ಚು ಸ್ಪಷ್ಟವಾಗುತ್ತದೆ. ಮೊಬೈಲಿನಲ್ಲಿ ನೋಡಲು ಇರುವ ಸಬ್ ಸ್ಟ್ರೀಮ್ (ಕಡಿಮೆ ಗುಣಮಟ್ಟದ ಇನ್ನೊಂದು ಪ್ರತಿ) ಎಷ್ಟು ಚಿಕ್ಕದಿದ್ದರೂ ಪರವಾಗಿಲ್ಲ, ನಮ್ಮ ಹಳ್ಳಿಗಳ ಸಿಗ್ನಲ್ಲಿಗೆ ಅದು ಚಿಕ್ಕದೇ ಇರಬೇಕು; ಆದರೆ ಡಿಸ್ಕಿಗೆ ಬರೆಯುವುದು ಪೂರ್ಣ ಗುಣಮಟ್ಟದ ಮೇನ್ ಸ್ಟ್ರೀಮೇ ಆಗಿರಲಿ.

ಮೋಷನ್ ಡಿಟೆಕ್ಷನ್ ಬಗ್ಗೆ ಕೆಲವರಿಗೆ ನನ್ನ ಮಾತು ಒಪ್ಪಿಗೆಯಾಗದಿರಬಹುದು. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗಲಿ ಎಂದು ಬಿಟ್ಟರೆ ಜಾಗ ಉಳಿಯುತ್ತದೆ, ಸರಿ. ಆದರೆ ಸಿಲ್ವರ್ ಓಕ್ ಎಲೆ, ಅಡಿಕೆ ಸೋಗೆ, ಮಳೆಹನಿ, ದೀಪಕ್ಕೆ ಬರುವ ಹುಳು ಎಲ್ಲವೂ ಅಲುಗುವ ನಮ್ಮ ಊರಿನಲ್ಲಿ ಮೊಬೈಲು ರಾತ್ರಿಯಿಡೀ ಬಡಿದುಕೊಳ್ಳುತ್ತದೆ. ಬೇಸತ್ತು ಸೂಕ್ಷ್ಮತೆಯನ್ನು ಇಳಿಸಿದರೆ ಬೇಕಾದದ್ದೇ ತಪ್ಪಿಹೋಗುತ್ತದೆ. ಕಣ ಮತ್ತು ಗೇಟಿಗೆ ನಿರಂತರ ರೆಕಾರ್ಡಿಂಗ್ ಇರಲಿ, ಮೋಷನ್ ಡಿಟೆಕ್ಷನ್ ಎಚ್ಚರಿಕೆಗೆ ಮಾತ್ರ ಇರಲಿ, ಅದೂ ಮನುಷ್ಯರನ್ನು ಪ್ರತ್ಯೇಕಿಸುವ ಸೌಲಭ್ಯವಿದ್ದರೆ ಅದನ್ನೇ ಬಳಸಿ ಪರದೆಯಲ್ಲಿ ಮರಗಳ ಭಾಗವನ್ನು ಬಿಟ್ಟು ಎಚ್ಚರಿಕೆ ಬೇಕಾದ ಜಾಗಕ್ಕೆ ಗೆರೆ ಎಳೆಯಿರಿ ಎಂಬುದು ನನ್ನ ಸಲಹೆ.

ಠಾಣೆಯಲ್ಲಿ ನಾವು ಮೊಬೈಲಿನಿಂದ ಪರದೆಯನ್ನೇ ಚಿತ್ರೀಕರಿಸಿಕೊಂಡಿದ್ದ ತುಣುಕನ್ನು ತೋರಿಸಿದೆವು. ಅದು ತನಿಖೆಗೆ ಸುಳಿವಾಗಬಹುದು, ಮೂಲ ದಾಖಲೆಯ ಬಲ ಅದಕ್ಕಿಲ್ಲ ಎಂದು ತಾಳ್ಮೆಯಿಂದ ವಿವರಿಸಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರ ಇರಬೇಕು, ಅದರಲ್ಲಿ ಆ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತದ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಆದ್ದರಿಂದ ಘಟನೆ ನಡೆದ ದಿನವೇ ರೆಕಾರ್ಡರ್‌ನಿಂದ ಮೂಲ ಕಡತವನ್ನು ಪೆನ್‌ಡ್ರೈವಿಗೆ ತೆಗೆಯುವುದನ್ನು ಮನೆಯಲ್ಲಿ ಇಬ್ಬರಾದರೂ ಕಲಿತಿರಬೇಕು. ಅದು ಐದು ನಿಮಿಷದ ಕೆಲಸ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಹಿತ್ತಿಲಿನ ಕ್ಯಾಮೆರಾದ ಒಂದು ಅಂಚಿನಲ್ಲಿ ಲೈನ್ ಮನೆಗಳ ನಲ್ಲಿಕಟ್ಟೆ ಮತ್ತು ಬಚ್ಚಲಿನ ಬಾಗಿಲು ಕಾಣುತ್ತಿದ್ದವು. ಇಷ್ಟು ದಿನ ಅದನ್ನು ಯಾರೂ ಗಮನಿಸಿರಲಿಲ್ಲ, ಅಲ್ಲಿನ ಹೆಣ್ಣುಮಕ್ಕಳು ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಅದು ಲೈನ್ ಮನೆಗಳಿಗೂ ಅನ್ವಯಿಸುತ್ತದೆ. ಪ್ರೈವಸಿ ಮಾಸ್ಕ್ ಎಂಬ ಸೆಟ್ಟಿಂಗಿನಿಂದ ಚಿತ್ರದ ಆ ಭಾಗಕ್ಕೆ ಕಪ್ಪು ಚೌಕ ಎಳೆದು ಮುಚ್ಚಬಹುದು, ಆಗ ಅದು ರೆಕಾರ್ಡಿಂಗಿನಲ್ಲೂ ಇರುವುದಿಲ್ಲ. ಮೈಕ್ ಕೂಡ ಆಫ್ ಮಾಡಿದ್ದೇವೆ. ಹಾಗೆಯೇ ಕಾರ್ಖಾನೆಯ ಪಾಸ್‌ವರ್ಡನ್ನು ಕ್ಯಾಮೆರಾ ಹಾಕಿದ ದಿನವೇ ಬದಲಿಸಬೇಕು. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ ಮತ್ತು ಡಿವಿಆರ್‌ಗಳೊಳಗೆ ನುಗ್ಗಿದ್ದು, ಮಾಲೀಕರು ಬದಲಿಸದೆ ಬಿಟ್ಟಿದ್ದ ಇಂಥ ಪಾಸ್‌ವರ್ಡುಗಳ ಮೂಲಕವೇ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರಗಳಲ್ಲಿ ಕ್ಯಾಮೆರಾ ಹಾಕುವ ಕೆಲಸದಲ್ಲಿರುವ ಯುವಕರಲ್ಲಿ ನನ್ನ ವಿನಂತಿ ಇದು. ವೈರ್ ಎಳೆದು, ಮೊಬೈಲಿಗೆ ಆ್ಯಪ್ ಹಾಕಿಕೊಟ್ಟು ಹೊರಡುವ ಮೊದಲು ಮನೆಯವರೊಂದಿಗೆ ಇನ್ನೊಂದು ಗಂಟೆ ಕುಳಿತುಕೊಳ್ಳಿ. ಸಮಯ ವಲಯ, ರೆಸಲ್ಯೂಷನ್, ಬಿಟ್‌ರೇಟ್ ಮತ್ತು ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಸಹಿ ಮಾಡಿಕೊಡಿ. ಅದಕ್ಕೆ ಪ್ರತ್ಯೇಕ ಕೂಲಿ ಕೇಳಿದರೂ ಕೊಡುತ್ತೇವೆ. ತೋಟಗಳ ಕಡೆ ಬೀಟ್‌ಗೆ ಬರುವ ಪೊಲೀಸರು ಕ್ಯಾಮೆರಾ ಇದೆಯೇ ಎಂದು ಕೇಳುವ ಜೊತೆಗೆ ಪರದೆಯ ಗಡಿಯಾರವನ್ನು ತಮ್ಮ ಮೊಬೈಲಿನ ಗಡಿಯಾರದೊಂದಿಗೆ ಹೋಲಿಸಿ ನೋಡಿದರೆ ದೊಡ್ಡ ಉಪಕಾರವಾಗುತ್ತದೆ. ಬೆಳೆಗಾರ ಮಿತ್ರರು ಈ ಪತ್ರವನ್ನು ಓದಿದ ದಿನವೇ ತಮ್ಮ ರೆಕಾರ್ಡರ್‌ನಲ್ಲಿ ಅತ್ಯಂತ ಹಳೆಯ ರೆಕಾರ್ಡಿಂಗ್ ಯಾವ ತಾರೀಖಿನದು ಎಂದು ನೋಡಲಿ.

ಆ ಹುಡುಗನ ಮನೆಗೆ ನಾನೂ ನನ್ನ ಹೆಂಡತಿಯೂ ಹೋಗಿ, ಅವನ ತಾಯಿಯ ಎದುರಿಗೆ ಕ್ಷಮೆ ಕೇಳಿ ಬಂದೆವು. ಅವನು ಈಗಲೂ ಬೆಳಗಿನ ಜಾವ ಹಾಲು ಕರೆಯಲು ಬರುತ್ತಾನೆ. ಕಣ ದಾಟುವಾಗ ಒಮ್ಮೆ ತಲೆಯೆತ್ತಿ ಕ್ಯಾಮೆರಾ ಕಡೆ ನೋಡಿಯೇ ಮುಂದೆ ಹೋಗುತ್ತಾನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ