ಜೆಸಿಬಿ ಕರೆಸುವ ಮುಂಚೆ

ಚಿ. ಮಾಣಿಗೆ ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ತೋಟದ ಮೇಲಿನ ಮಾಲ್ಕಿ ಜಾಗ ಬೋಳಿಸಿ ಅಡಿಕೆ ಸಸಿ ಹಾಕಿಸುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದೆ. ಅಲ್ಲಿರುವುದು ಬರೀ ಕಾಡುಮರ ಎಂದೆಯಲ್ಲ, ಆ ಮಾತು ಮನಸ್ಸಿನಲ್ಲೇ ಕೊರೆಯುತ್ತಿದೆ. ಅದಕ್ಕೇ ಬರೆಯಲು ಕುಳಿತೆ.

ಹಳ್ಳದ ಬದಿಯ ದೊಡ್ಡ ಮರ ಜೀರಿಗೆ ಅಪ್ಪೆ, ಮಿಡಿ ಉಪ್ಪಿನಕಾಯಿಯ ಮಾವು. ಮಿಡಿಯ ತೊಟ್ಟು ಮುರಿದರೆ ಸೊನೆ ಥೇಟ್ ಜೀರಿಗೆಯ ಹಾಗೆ ಘಮ್ಮೆನ್ನುತ್ತದೆ. ನಮ್ಮ ಮನೆಯ ಉಪ್ಪಿನಕಾಯಿಯ ರುಚಿಯೆಲ್ಲ ಆ ಸೊನೆಯದೇ. ಅದರ ಗೊರಟು ನೆಟ್ಟರೆ ಅದೇ ಪರಿಮಳ ಬರುತ್ತದೆ ಎಂಬ ಖಾತ್ರಿ ಇಲ್ಲ. ಕುಡಿ ತಂದು ಕಸಿ ಕಟ್ಟಬೇಕು. ಮರವನ್ನೇ ಉರುಳಿಸಿದರೆ ಕುಡಿ ಎಲ್ಲಿಂದ ತರುತ್ತೀಯ?

ಇನ್ನು ಮುರುಗಲು, ಪೇಟೆಯವರು ಕೋಕಂ ಎನ್ನುವ ಹುಳಿಹಣ್ಣಿನ ಮರ. ನೀರು, ಗೊಬ್ಬರ, ಔಷಧಿ ಯಾವುದನ್ನೂ ಅದು ಕೇಳಿಲ್ಲ. ಅಡಿಕೆ ಕೆಲಸ ಮುಗಿದ ಮೇಲೆ, ಏಪ್ರಿಲ್-ಮೇ ಹೊತ್ತಿಗೆ ಹಣ್ಣು. ಒಣಸಿಪ್ಪೆ ಸಾರಿಗೆ, ಸಕ್ಕರೆ ಹಾಕಿಟ್ಟರೆ ಪಾನಕಕ್ಕೆ, ಬೀಜದಿಂದ ತುಪ್ಪ. ಚಳಿಗಾಲದಲ್ಲಿ ನಿನ್ನ ಹಿಮ್ಮಡಿ ಒಡೆದಾಗ ಹಚ್ಚುತ್ತಿದ್ದೆನಲ್ಲ, ಅದೇ ತುಪ್ಪ. ಮೂಲೆಯ ಎರಡು ಮರ ಹಣ್ಣೇ ಬಿಡುವುದಿಲ್ಲ ಎನ್ನಬೇಡ. ಅವು ಗಂಡು. ಮುರುಗಲಿನಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ. ಅವನ್ನೂ ಉಳಿಸು.

ಮುರುಗಲಿನ ಜಾತಿಯದೇ ಇನ್ನೊಂದು ಹುಳಿಹಣ್ಣಿನ ಮರ ಉಪ್ಪಗೆ. ಅದರ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ನಿನಗೆ ಹೇಳಲೇಬೇಕು. 1990ರ ದಶಕದಲ್ಲಿ, ಮೈ ಇಳಿಸುವ ಔಷಧಿಗೆ ಬೇಕೆಂದು ಸಿಪ್ಪೆ ಪರದೇಶಕ್ಕೆ ಹೋಗತೊಡಗಿತು. ದರ ಏರಿತು. ನಾವು ಕಾಯಿ ಹಣ್ಣಾಗುವವರೆಗೂ ಕಾಯಲಿಲ್ಲ. ಕೈಗೆ ಸಿಗದಿದ್ದಾಗ ಕೊಂಬೆಯನ್ನೇ ಕಡಿದೆವು. ಮಳೆಗಾಲದ ಬೆಳೆ ಅದು, ಒಣಗಿಸಲು ರಾಶಿ ರಾಶಿ ಕಟ್ಟಿಗೆ ಸುಟ್ಟೆವು. ಆಮೇಲೆ ಎಷ್ಟೋ ವರ್ಷ ಆ ಮರ ಸರಿಯಾಗಿ ಕಾಯಿ ಬಿಡಲಿಲ್ಲ. ಅದರ ಕೆಳಗೆ ಹಾದುಹೋಗುವಾಗ ಈಗಲೂ ಸಂಕಟವಾಗುತ್ತದೆ.

ಅಡಿಕೆ ಬೇಡ ಎನ್ನುತ್ತಿಲ್ಲ. ಆದರೆ ಕೊಳೆರೋಗ, ಎಲೆಚುಕ್ಕಿ ರೋಗ ಬಂದ ವರ್ಷ ಅದೊಂದನ್ನೇ ನಂಬಿದವರ ಪಾಡು ನೀನೂ ನೋಡಿದ್ದೀಯ ಅಲ್ವಾ? ಮೇಲಿನ ಮರಗಳ ಸೊಪ್ಪು, ತರಗೆಲೆಯೇ ಕೆಳಗಿನ ತೋಟಕ್ಕೆ ಗೊಬ್ಬರ. ಇಳಿಜಾರಿನ ಮಣ್ಣನ್ನು ಹಿಡಿದಿರುವುದೂ ಅವುಗಳ ಬೇರುಗಳೇ. ನೇರಳೆ ಹೂ ಬಿಟ್ಟಾಗ ತುಡುವೆ ಜೇನು ಎಷ್ಟು ಮುತ್ತುತ್ತದೆ, ಒಮ್ಮೆ ಬಂದು ನೋಡು.

ಈ ವರ್ಷ ಜೆಸಿಬಿಯವನಿಗೆ ಬೇಡ ಅಂತ ಹೇಳಿಬಿಡು. ಮಾರ್ಚ್‌ನಲ್ಲಿ ಮಿಡಿ ಕೊಯ್ಯುವಾಗ ಬಾ. ಇಬ್ಬರೂ ಸೇರಿ ಒಂದೊಂದು ಮರಕ್ಕೂ ಹೆಸರಿನ ಚೀಟಿ ಕಟ್ಟೋಣ. ತೆರಪು ಇರುವಲ್ಲಿ ಅಡಿಕೆ ಹಾಕು. ದೊಡ್ಡ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸು. ಮಳೆ ಹಿಡಿದ ಮೇಲೆ ಜೀರಿಗೆ ಅಪ್ಪೆಯ ಕಸಿ ಕಟ್ಟಿಸೋಣ. ಅದಕ್ಕೆಂದೇ ಕಾಡುಮಾವಿನ ಗೊರಟು ಊರಿದ್ದೆ. ಬಚ್ಚಲ ಹಿಂದೆ ಹನ್ನೊಂದು ಸಸಿ ಎದ್ದಿವೆ.

ನಿನ್ನ ದೊಡ್ಡಮ್ಮ