ಮಗಳಿಗೊಂದು ಪತ್ರ: ಸೋಮವಾರದ ಪ್ರಬಂಧ

ಚಿತ್ರದುರ್ಗ
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದ. ಹಿರಿಯೂರಿನ ಹತ್ತಿರದ ವಾಣಿ ವಿಲಾಸ ಸಾಗರ ಜಲಾಶಯದ ಮೇಲೆ 1500 ಪದದ ಪ್ರಬಂಧ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೊಡಬೇಕು, ಮೂರು ದಿನದಿಂದ ಕೂತರೂ ಒಂದು ಸಾಲು ನಿಲ್ಲುತ್ತಿಲ್ಲ ಅಂದೆಯಲ್ಲ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಪಕ್ಕದಲ್ಲಿಟ್ಟುಕೊಂಡು ನೋಡಲಿ ಅಂತ ಕಾಗದದಲ್ಲೇ ಬರೆದು, ಫೋಟೊ ತೆಗೆದು ಈಗಲೇ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ.

ಸಮಯದ ಲೆಕ್ಕ ಮೊದಲು ಮುಗಿಸೋಣ, ಭಯ ಅರ್ಧ ಅಲ್ಲೇ ಇಳಿಯುತ್ತದೆ. ಅಳಿಸದೆ, ತಿದ್ದದೆ ಬರೆದರೆ ಇಪ್ಪತ್ತೈದು ನಿಮಿಷಕ್ಕೆ ಸುಮಾರು 200 ಪದ ಆಗುತ್ತದೆ. 1500 ಪದ ಅಂದರೆ ಅಂಥ ಎಂಟು ಸರದಿ. ನಡುವಿನ ಬಿಡುವು ಸೇರಿಸಿದರೂ ನಾಲ್ಕು ಗಂಟೆ. ಶುಕ್ರವಾರ ಸಂಜೆ, ಶನಿವಾರ, ಭಾನುವಾರ ಸೇರಿ ನಿನ್ನ ಕೈಯಲ್ಲಿ ಹತ್ತು ಗಂಟೆಯಾದರೂ ಇದೆ. ಸಮಯ ಸಾಲದೆ ನೀನು ನಿಂತಿಲ್ಲ ಮಗಳೇ.

ನಿನ್ನ ಹತ್ತಿರ ವಿಷಯ ಇದೆ, ಪ್ರಶ್ನೆ ಇಲ್ಲ. ಕೈ ಕಟ್ಟಿರುವುದು ಅಲ್ಲಿ. "ವಾಣಿ ವಿಲಾಸ ಸಾಗರ" ಅನ್ನುವುದು ಬರೀ ಹೆಸರು. ಅದನ್ನು ಎಲ್ಲಿಂದ ಹಿಡಿದರೂ ನಡೆಯುತ್ತದೆ, ಅದಕ್ಕೇ ಎಲ್ಲಿಂದಲೂ ಹಿಡಿಯಲು ಆಗುವುದಿಲ್ಲ. ಪ್ರಶ್ನೆ ಹಾಗಲ್ಲ. ಅದು ಉತ್ತರ ಕೇಳುತ್ತದೆ, ಉತ್ತರ ಕಾರಣ ಕೇಳುತ್ತದೆ, ಕಾರಣ ಉದಾಹರಣೆ ಕೇಳುತ್ತದೆ. ಹೀಗೆ ಒಂದರ ಹಿಂದೆ ಒಂದು ಪ್ಯಾರಾ ಬರುತ್ತದೆ.

ಆದ್ದರಿಂದ ಶುಕ್ರವಾರ ಸಂಜೆ ಪ್ರಬಂಧ ಬರೆಯಲು ಕೂರಬೇಡ. ಐದು ಪ್ರಶ್ನೆ ಬರೆದು ಒಂದನ್ನು ಉಳಿಸಿಕೋ. "ಏನು", "ಯಾವಾಗ", "ಎಷ್ಟು" ಅಂತ ಕೇಳುವ ಪ್ರಶ್ನೆ ಒಂದೇ ಸಾಲಿಗೆ ಮುಗಿದುಹೋಗುತ್ತದೆ. ಯಾವಾಗ ಕಟ್ಟಿದರು? 1898ರಲ್ಲಿ ಶುರುವಾಗಿ 1907ಕ್ಕೆ ಮುಗಿಯಿತು. ಇನ್ನೇನು ಬರೆಯುತ್ತೀ? "ಇದರ ಉಪಯೋಗಗಳೇನು" ಅಂತ ಕೇಳಿಕೊಂಡರೆ ಬರೀ ಪಟ್ಟಿ ಬರುತ್ತದೆ, ನಾಲ್ಕನೇ ಉಪಯೋಗಕ್ಕೆ ಮತ್ತೆ ಕೈ ನಿಲ್ಲುತ್ತದೆ. "ಏಕೆ", "ಹೇಗೆ" ಅಂತ ಕೇಳಬೇಕು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ ಏಕೆ ಕಾಯಬೇಕಾಯಿತು? ನೋಡು, ಇದರಲ್ಲಿ ಎಂಬತ್ತೊಂಬತ್ತು ವರ್ಷ ಇದೆ, ಮಳೆ ಇದೆ, ನದಿ ಇದೆ, ಕಾದು ಕೂತ ರೈತರಿದ್ದಾರೆ. ಕಾಲೇಜಿನವರು ಕೊಟ್ಟ ತಲೆಬರಹವನ್ನು ಹಾಗೇ ಇಡು, ಪ್ರಶ್ನೆ ಒಳಗೆ ಕೆಲಸ ಮಾಡಲಿ. ನಿನಗೆ ಬೇರೆ ಪ್ರಶ್ನೆ ಹೊಳೆದರೆ ಅದನ್ನೇ ಇಟ್ಟುಕೋ, ಆದರೆ ಎರಡನ್ನು ಇಟ್ಟುಕೊಳ್ಳಬೇಡ.

ಪ್ರಶ್ನೆ ಸಿಕ್ಕ ಮೇಲೆ ಮೂರು ಹಾಳೆ ತೆಗೆದುಕೊಂಡು ಒಂದೊಂದನ್ನು ಎಂಟು ಚೀಟಿ ಮಾಡು. ಇಪ್ಪತ್ತು ನಿಮಿಷ ಅಲಾರಂ ಇಟ್ಟು, ಒಂದು ಚೀಟಿಗೆ ಒಂದೇ ಸಂಗತಿ ಬರೆ. ಅನುಕ್ರಮ ಬೇಡ, ಪೂರ್ತಿ ವಾಕ್ಯವೂ ಬೇಡ. ವೇದಾ, ಅವತಿ ಸೇರಿ ವೇದಾವತಿ. ವೇದಾಗೆ ಅಯ್ಯನಕೆರೆ, ಅವತಿಗೆ ಮದಗದ ಕೆರೆ, ಅವು ತುಂಬಿದ ಮೇಲೆ ಕೆಳಗೆ ನೀರು. ಮಾರಿಕಣಿವೆಯಲ್ಲಿ ಎರಡು ಗುಡ್ಡದ ನಡುವೆ ಕಿರಿದಾದ ಸಂದು, ಅದಕ್ಕೇ ಅಲ್ಲಿ ಕಟ್ಟೆ. ತುಂಬಿದರೆ 130 ಅಡಿ, ಸುಮಾರು 30 ಟಿಎಂಸಿ. ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ಹಿರಿಯೂರಿನ ತೆಂಗು, ಅಡಿಕೆ ತೋಟ. ಚಿತ್ರದುರ್ಗಕ್ಕೆ ಕುಡಿಯುವ ನೀರು. ಭದ್ರಾ ಮೇಲ್ದಂಡೆ ಯೋಜನೆಯಿಂದ ಎತ್ತಿ ಹರಿಸಿದ ನೀರು. 2025ರ ಜನವರಿಯಲ್ಲಿ ಮತ್ತೆ ಕೋಡಿ. ಹೀಗೆ.

ಆಮೇಲೆ ಅವನ್ನೆಲ್ಲ ಮಂಚದ ಮೇಲೆ ಹರಡು. ಪ್ರಶ್ನೆಗೆ ಉತ್ತರ ಕೊಡುವ ಚೀಟಿ ಬಲಕ್ಕೆ, ಕೊಡದಿರುವುದು ಎಡಕ್ಕೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರ ವಾಣಿ ವಿಲಾಸ ಸನ್ನಿಧಾನ ಅನ್ನುವ ಬಿರುದಿನಿಂದ ಈ ಹೆಸರು ಬಂತು ಅನ್ನುವ ಚೀಟಿ ಬಲು ಚೆನ್ನಾಗಿದೆ, ಆದರೆ ಕೋಡಿ ಏಕೆ ಬೀಳಲಿಲ್ಲ ಅನ್ನುವುದಕ್ಕೆ ಅದು ಏನೂ ಹೇಳುವುದಿಲ್ಲ. ಎಡಕ್ಕೆ ಇಡು. ಹೀಗೆ ಬಿಡುವುದು ಕಷ್ಟ, ಓದಿದ್ದೆಲ್ಲ ತುರುಕಬೇಕು ಅನ್ನಿಸುತ್ತದೆ. ಪ್ರಬಂಧ ನಡುವೆ ಹೂತುಹೋಗುವುದು ಹೆಚ್ಚಾಗಿ ಹಾಗೆ ತುರುಕಿದ ಜಾಗದಲ್ಲೇ. ಬಲಗಡೆಯ ಚೀಟಿಗಳನ್ನು ಎರಡು ಮೂರರಂತೆ ಗುಂಪು ಮಾಡು. ಒಂದು ಗುಂಪಿಗೆ ಒಂದು ಪ್ಯಾರಾ, 120ರಿಂದ 150 ಪದ. ಎಂಟೊಂಬತ್ತು ಗುಂಪಾದರೆ, ಪೀಠಿಕೆ, ಮುಗಿತಾಯ ಸೇರಿ ನಿನ್ನ 1500 ಆಯಿತು. ಐದೇ ಗುಂಪಾದರೆ ಓದಿದ್ದು ಸಾಲದು ಅಂತ ಅರ್ಥ. ಆಗ ಬರೆಯಲು ಹೆಣಗಬೇಡ, ಒಂದು ಗಂಟೆ ಓದು. ಹೊಟ್ಟೆಯಲ್ಲಿ ಇಲ್ಲದ್ದು ಕೈಗೆ ಬರುವುದಿಲ್ಲ.

ಶಾಲೆಯಿಂದಲೂ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಕಲಿಸಿದ್ದಾರಲ್ಲ, ಅದು ಓದುವವರಿಗೆ ಸರಿಯಾದ ಕ್ರಮ. ಬರೆಯುವವರೂ ಅದೇ ಕ್ರಮದಲ್ಲಿ ಬರೆಯಬೇಕು ಅಂದುಕೊಂಡರೆ ಸಿಕ್ಕಿಬೀಳುತ್ತಾರೆ. ಇನ್ನೂ ಹುಟ್ಟದ ಪ್ರಬಂಧವನ್ನು ಪರಿಚಯ ಮಾಡಿಕೊಡು ಅಂದರೆ ಹೇಗೆ? ಆಗಲೇ "ಮಾನವನ ಜೀವನದಲ್ಲಿ ನೀರು ಅತ್ಯಂತ ಅವಶ್ಯಕವಾದುದು" ಅನ್ನುವ ಸಾಲು ಬರುವುದು. ಅದನ್ನು ಬರೆದ ಕೈ ಎರಡನೇ ಸಾಲಿಗೆ ನಿಲ್ಲುತ್ತದೆ, ಏಕೆಂದರೆ ಆ ಸಾಲಿನಿಂದ ವಾಣಿ ವಿಲಾಸ ಸಾಗರಕ್ಕೆ ದಾರಿಯೇ ಇಲ್ಲ. ಪೀಠಿಕೆಗೆ ಅರ್ಧ ಪುಟ ಖಾಲಿ ಬಿಡು. ನಿನಗೆ ಚೆನ್ನಾಗಿ ಗೊತ್ತಿರುವ ಗುಂಪನ್ನು ಎತ್ತಿಕೋ. ಎರಡು ಗುಡ್ಡದ ನಡುವಿನ ಕಟ್ಟೆಯ ಜಾಗ ನೀನು ಕಣ್ಣಾರೆ ನೋಡಿದ್ದೀಯ, ಅಲ್ಲಿಂದ ಶುರುಮಾಡು. ಪ್ರತಿ ಪ್ಯಾರಾಗೂ ಬೇರೆ ಹಾಳೆ ಇರಲಿ, ಆಮೇಲೆ ಜೋಡಿಸುವುದು ಸುಲಭ.

ಈಗ ಭಾಷೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದು. ನಾವು ಆಡುವ ಕನ್ನಡ ಬೇರೆ, ಪ್ರಬಂಧದ ಕನ್ನಡ ಬೇರೆ. ಮನಸ್ಸಿನಲ್ಲಿ ವಿಚಾರ ಹುಟ್ಟುವುದು ಆಡುಮಾತಿನಲ್ಲಿ. ಅದು ಕಾಗದಕ್ಕೆ ಇಳಿಯುವ ಮೊದಲೇ ನೀನು ಅದಕ್ಕೆ ಗ್ರಂಥದ ಬಟ್ಟೆ ತೊಡಿಸಲು ಹೋಗುತ್ತೀ. ಹುಡುಕುವ ಕೆಲಸ, ಜೋಡಿಸುವ ಕೆಲಸ, ಅಲಂಕಾರದ ಕೆಲಸ ಮೂರೂ ಒಂದೇ ಗಳಿಗೆಯಲ್ಲಿ. ಯಾರ ಕೈಯಲ್ಲೂ ಆಗುವುದಿಲ್ಲ. ಮೊದಲ ಸಲ ನಮ್ಮ ಮಾತಿನಲ್ಲೇ ಬರೆ: "ಮೇಲ್ಗಡೆ ಕೆರೆ ತುಂಬ್ದೆ ನದಿಗೆ ನೀರು ಬರಲ್ಲ, ಮಳೆನೂ ಕಮ್ಮಿ, ಹಂಗಾಗಿ ಡ್ಯಾಮು ತುಂಬೋದು ಅಪರೂಪ." ಎರಡನೇ ಸಲ ಅದನ್ನೇ "ಮೇಲ್ಭಾಗದ ಕೆರೆಗಳು ತುಂಬದೆ ನದಿಗೆ ನೀರು ಬರುವುದಿಲ್ಲ, ಮಳೆಯೂ ಕಡಿಮೆ. ಹೀಗಾಗಿ ಜಲಾಶಯ ತುಂಬುವುದು ಅಪರೂಪ" ಅಂತ ಮಾಡಲು ಒಂದು ನಿಮಿಷವೂ ಹಿಡಿಯುವುದಿಲ್ಲ. "ನಿರ್ಮಿಸಲ್ಪಟ್ಟಿತು", "ಹೊಂದಿರುವಂತಹದ್ದಾಗಿದೆ" ಅಂತ ಬರೆಯುವ ಆಸೆ ಬಂದರೆ ಕೈ ತಡೆದುಕೋ. ಕಟ್ಟಿದರು, ಇದೆ, ಸಾಕು. ಸರಳ ಕ್ರಿಯಾಪದ ಮುಂದಿನ ವಾಕ್ಯಕ್ಕೆ ದಾರಿ ಬಿಡುತ್ತದೆ, "ಲ್ಪಟ್ಟಿತು" ಬಾಗಿಲು ಹಾಕುತ್ತದೆ.

ಇಂಗ್ಲಿಷ್ ಪುಸ್ತಕ ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಕನ್ನಡ ಮಾಡುತ್ತಿದ್ದರೆ ಅದನ್ನೂ ನಿಲ್ಲಿಸು. ಅಲ್ಲಿನ ವಾಕ್ಯದ ಕಟ್ಟು ನಮ್ಮಲ್ಲಿ ಕೂರುವುದಿಲ್ಲ. ಅರ್ಧಕ್ಕೆ ಬಂದು ಕ್ರಿಯಾಪದ ಎಲ್ಲಿಡಲಿ ಅಂತ ತಡಕಾಡುತ್ತೀ, ನಿನಗೆ ವಿಷಯವೇ ಗೊತ್ತಿಲ್ಲ ಅನ್ನಿಸಿಬಿಡುತ್ತದೆ. ಎರಡು ಪುಟ ಓದು, ಪುಸ್ತಕ ಮುಚ್ಚು, ನೆನಪಿನಿಂದ ಬರೆ. ಇಸವಿ, ಅಂಕಿ ನೆನಪಾಗದಿದ್ದರೆ ಅಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗು. ಒಂದು ಇಸವಿ ನೋಡಲು ಫೋನ್ ಎತ್ತಿದರೆ ನಲವತ್ತು ನಿಮಿಷ ಹೋಗುತ್ತದೆ, ನಿನಗೇ ಗೊತ್ತು. ಗೆರೆ ಎಳೆದ ಜಾಗಗಳನ್ನೆಲ್ಲ ಭಾನುವಾರ ಒಟ್ಟಿಗೆ ತುಂಬಿಸು. ಬರೆಯುವ ಇಪ್ಪತ್ತೈದು ನಿಮಿಷ ಫೋನ್ ರೂಮ್‌ಮೇಟ್ ಹತ್ತಿರ ಇರಲಿ, ಅಲಾರಂ ಅವಳೇ ನೋಡಿಕೊಳ್ಳಲಿ.

ಅವಳು ಇನ್ನೊಂದು ಉಪಕಾರವನ್ನೂ ಮಾಡಬಲ್ಲಳು. ಹರಿಹರದ ಕಡೆಯವಳಲ್ಲವೇ, ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವ ಮನೆ. ಶನಿವಾರ ಬೆಳಿಗ್ಗೆ ಟೀ ಕುಡಿಯುವಾಗ ನಿನ್ನ ಪ್ರಶ್ನೆ, ಉತ್ತರ ಎರಡನ್ನೂ ಐದು ನಿಮಿಷ ಅವಳಿಗೆ ಬಾಯಲ್ಲಿ ಹೇಳು. ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ಎಲ್ಲಿ ನೀನು "ಅದೇನಂದ್ರೆ... ಅಂದ್ರೆ..." ಅಂತ ತೊದಲುತ್ತೀಯೋ ಅಲ್ಲಿ ಚೀಟಿ ಸಾಲದು. ಎಲ್ಲಿ ಅವಳು "ಯಾಕೆ?" ಅನ್ನುತ್ತಾಳೋ ಅಲ್ಲಿ ಒಂದು ಪ್ಯಾರಾ ಹುಟ್ಟುತ್ತದೆ. ಭದ್ರೆಯ ನೀರನ್ನು ನಮ್ಮ ಕಡೆಗೆ ಎತ್ತಿದರೆ ನಮ್ಮ ಗದ್ದೆಯ ಗತಿಯೇನು ಅಂತ ಅವಳು ಕೇಳಿದರೆ ವಾದಕ್ಕಿಳಿಯಬೇಡ, ಬರೆದುಕೋ. ದಾವಣಗೆರೆ ಕಡೆಯ ರೈತರ ಆ ಆತಂಕ ನಿನ್ನ ಪ್ರಬಂಧಕ್ಕೆ ಬೇಕೇ ಬೇಕು. ಅದಿಲ್ಲದಿದ್ದರೆ ಬರಹ ಒಂದೇ ಕಡೆ ವಾಲುತ್ತದೆ. ಧ್ವನಿಯನ್ನೇ ಅಕ್ಷರ ಮಾಡುವ ಸೌಲಭ್ಯ ಫೋನಿನಲ್ಲಿದೆ, ಮಾತು ಹರಿಯುವವರಿಗೆ ಒಳ್ಳೆಯದು. ಆದರೆ ಊರಿನ ಹೆಸರು, ಅಂಕಿ, ಒತ್ತಕ್ಷರ ತಪ್ಪಾಗಿ ಬರಬಹುದು, ಒಂದೊಂದನ್ನೂ ನೋಡಬೇಕು.

ಶನಿವಾರ ಐದು ಸರದಿ, ಭಾನುವಾರ ಬೆಳಿಗ್ಗೆ ಮೂರು. ಒಂದಾದ ಮೇಲೆ ಐದು ನಿಮಿಷ ಎದ್ದು ಓಡಾಡು. ಮೂರಾದ ಮೇಲೆ ಬೆಣ್ಣೆ ದೋಸೆಗೆ ಹೋಗಿ ಬಾ, ಆದರೆ ಹೋಗುವ ಮುನ್ನ ಒಂದು ಕೆಲಸ: ಪ್ಯಾರಾ ಮುಗಿಸಿ ಏಳಬೇಡ. ಮುಂದಿನ ಪ್ಯಾರಾದ ಮೊದಲ ವಾಕ್ಯವನ್ನು ಅರ್ಧ ಬರೆದು ಏಳು. ವಾಪಸ್ ಬಂದಾಗ ಖಾಲಿ ಹಾಳೆಯ ಬದಲು ಪೂರ್ತಿ ಮಾಡಬೇಕಾದ ಸಾಲು ಕಾದಿರುತ್ತದೆ.

ನಡುವೆ ಕೈ ನಿಂತರೆ ಏಕೆ ನಿಂತಿತು ಅಂತ ನೋಡು. ಮುಂದಿನ ಸಂಗತಿ ಗೊತ್ತಿಲ್ಲವಾದರೆ ಚೀಟಿಗೆ ಹೋಗು. ಗೊತ್ತಿದ್ದೂ ವಾಕ್ಯ ಬರದಿದ್ದರೆ "ನಾನು ಹೇಳಬೇಕಾದ್ದು ಏನೆಂದರೆ" ಅಂತ ಶುರುಮಾಡಿ ಮುಗಿಸು, ಆ ಮೂರು ಪದ ಆಮೇಲೆ ಹೊಡೆದುಹಾಕು. ಬರೆದದ್ದು ಚೆನ್ನಾಗಿಲ್ಲ ಅನ್ನಿಸಿ ಮೇಲಕ್ಕೆ ಹೋಗಿ ತಿದ್ದುತ್ತಿದ್ದರೆ ಮೇಲಿನದನ್ನು ಇನ್ನೊಂದು ಹಾಳೆಯಿಂದ ಮುಚ್ಚಿಬಿಡು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಕೊನೆಗೆ ಬರೆದವನ ಹೆಸರಿದೆ, ಚಪಡ ಅಂತ. ಅವನದು ಬಂಡೆ, ತಿದ್ದಲು ಆಗುತ್ತಿರಲಿಲ್ಲ. ನಿನ್ನದು ಕಾಗದ ಕಣೇ.

ಭಾನುವಾರ ಮಧ್ಯಾಹ್ನ ಊಟ ಮಾಡಿ, ಒಂದು ಗಂಟೆ ಪ್ರಬಂಧ ಮುಟ್ಟದೆ ಇರು. ಆಮೇಲೆ ಹಾಳೆಗಳನ್ನು ಜೋಡಿಸಿ ಗಟ್ಟಿಯಾಗಿ ಓದು. ಉಸಿರು ಸಾಲದ ವಾಕ್ಯವನ್ನು ಎರಡು ಮಾಡು. ಪ್ರತಿ ಪ್ಯಾರಾ ಪಕ್ಕದಲ್ಲಿ ಅದು ಹೇಳುವುದನ್ನು ಮೂರು ಪದದಲ್ಲಿ ಬರೆ. ಎರಡು ಪ್ಯಾರಾಗೆ ಒಂದೇ ಮೂರು ಪದ ಬಂದರೆ ಒಂದನ್ನು ತೆಗೆ. ಎಳೆದ ಗೆರೆಗಳಿಗೆ ಅಂಕಿ ತುಂಬಿಸು. ಆಡುಮಾತನ್ನು ಬರಹಕ್ಕೆ ತಿರುಗಿಸು. ಎಲ್ಲ ಆದಮೇಲೆ ಪೀಠಿಕೆ, ಐದಾರು ಸಾಲು ಸಾಕು. 1933, 2022 ಎರಡೂ ಇಸವಿ ಇಟ್ಟು ಪ್ರಶ್ನೆ ಕೇಳಿಬಿಡು, ಓದುವವರು ಒಳಗೆ ಬಂದೇ ಬರುತ್ತಾರೆ. ಮುಗಿತಾಯದಲ್ಲಿ ಪ್ರಶ್ನೆಗೆ ನಿನ್ನ ಉತ್ತರ ಬರೆ. "ಜಲಸಂಪತ್ತನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ" ಅಂತ ಬರೆಯಬೇಡ, ಆ ಸಾಲು ಯಾವ ಪ್ರಬಂಧಕ್ಕಾದರೂ ಅಂಟುತ್ತದೆ.

ಅಕಸ್ಮಾತ್ ಇದೆಲ್ಲ ತಪ್ಪಿ ಭಾನುವಾರ ರಾತ್ರಿ ಎಂಟಕ್ಕೆ ಏನೂ ಇಲ್ಲದೆ ಕೂತಿದ್ದರೆ, ಆಗಲೂ ಐದು ಗಂಟೆ ಇದೆ. ಅರ್ಧ ಗಂಟೆ ಪ್ರಶ್ನೆಗೆ, ಚೀಟಿಗೆ. ಮೂರು ಗಂಟೆ ಬರವಣಿಗೆ, ಒಂದು ಗಂಟೆ ತಿದ್ದುವುದು, ಉಳಿದದ್ದು ಟೈಪಿನ ತಪ್ಪಿಗೆ. ಒಂದಕ್ಕೆ ಮಲಗಿಬಿಡು. ಚೀಟಿ ಬಿಟ್ಟು ನೇರ ಬರೆಯಲು ಮಾತ್ರ ಹೋಗಬೇಡ. ಯಾವುದೋ ಪ್ರಬಂಧ ಇಳಿಸಿಕೊಂಡು ಕೊಡುವ ಯೋಚನೆ ಬರುವುದೂ ಅಂಥ ರಾತ್ರಿಯಲ್ಲೇ. ಬೇಡ ಮಗಳೇ. ಕಡಿಮೆ ಪದವಾದರೂ ಪರವಾಗಿಲ್ಲ, ನಿನ್ನದನ್ನೇ ಕೊಡು.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಅಕ್ಷರವೆಲ್ಲ ಗೋಜಲಾಗಬಹುದು. ಪಿಡಿಎಫ್ ಮಾಡಿಯೇ ಒಯ್ಯಬೇಕು. ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ ಅಂತ ಸೋಮವಾರಕ್ಕೆ ಇಟ್ಟುಕೊಳ್ಳಬೇಡ, ಕರೆಂಟ್ ಹೋದರೆ ಕಷ್ಟ. ಭಾನುವಾರ ಸಂಜೆಯೇ ಪ್ರಿಂಟ್ ಹಾಕಿಸು.

ಈ ರಾತ್ರಿ ಏನೂ ಬರೆಯಬೇಡ, ಮಲಗು. ನಾಳೆ ಸಂಜೆ ಐದು ಪ್ರಶ್ನೆ ಬರೆದ ಹಾಳೆಯ ಫೋಟೊ ಕಳಿಸು, ಯಾವುದನ್ನು ಉಳಿಸಿಕೊಂಡೆ ಅಂತ ಗುರುತು ಹಾಕಿ. ನಾನು ಎಚ್ಚರವಾಗಿರುತ್ತೇನೆ.

ನಿನ್ನ
ಅಮ್ಮ