ಕೆಂಪು ಬಾವುಟ ಕಾಣದ ರೈಲು

ಮಾನ್ಯರೆ,

ಬೆಂಗಳೂರಿನ ಮಾದಾವರದಿಂದ ತುಮಕೂರಿಗೆ ಮೆಟ್ರೊ ತರುವ ಪ್ರಸ್ತಾವದ ಬಗ್ಗೆ ಊರಲ್ಲಿ ನಡೆಯುವ ಮಾತೆಲ್ಲ ನಿಲ್ದಾಣ ಎಲ್ಲಿ ಬರುತ್ತೆ, ಟಿಕೆಟ್ ಎಷ್ಟಾಗುತ್ತೆ ಎಂಬುದರ ಸುತ್ತಲೇ. ಹಳಿಗಿಳಿದು ಕೆಲಸ ಮಾಡುವವರ ವಿಚಾರ ಯಾರೂ ಎತ್ತುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಂಗಳೂರಿನ ಹಳದಿ ಮಾರ್ಗದ ಸಿಗ್ನಲ್ ವ್ಯವಸ್ಥೆ ಚಾಲಕರಿಲ್ಲದೆಯೂ ರೈಲು ಓಡಿಸಬಲ್ಲದು. ದೆಹಲಿಯ ಮೆಜೆಂಟಾ ಮಾರ್ಗದಲ್ಲಿ 2020ರ ಡಿಸೆಂಬರ್‌ನಿಂದಲೇ ಅಂಥ ರೈಲು ಓಡುತ್ತಿದೆ. ಇಲ್ಲಿಗೆ ಬಂದರೂ ಇದೇ ಜಾತಿಯದು ಬರಬಹುದು.

ಕ್ಯಾತಸಂದ್ರ, ಹಿರೇಹಳ್ಳಿ ಕಡೆಯ ಬ್ರಾಡ್‌ಗೇಜ್ ಹಳಿಯಲ್ಲಿ ಗ್ಯಾಂಗಿನವರು, ಅಂದರೆ ಹಳಿ ದುರಸ್ತಿಯ ಕೆಲಸಗಾರರು, ರೈಲು ತಡೆಯಬೇಕಾದರೆ ಕೆಲಸದ ಜಾಗದಿಂದ 600 ಮೀಟರ್ ದೂರದಲ್ಲಿ ಹಳಿಗೆ ಅಡ್ಡಲಾಗಿ ಕೆಂಪು ಬ್ಯಾನರ್ ಬಾವುಟ ಕಟ್ಟುತ್ತಾರೆ. 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಪಟಾಕಿ, ಅಂದರೆ ಚಕ್ರ ಹತ್ತಿದೊಡನೆ ಸಿಡಿಯುವ ಡಿಟೊನೇಟರ್, ಇಡುತ್ತಾರೆ. ಎರಡೂ ನಂಬಿರುವುದು ಡ್ರೈವರನ ಕಣ್ಣು, ಕಿವಿಯನ್ನು. ಮುಂದೆ ಯಾರೂ ಕೂತಿಲ್ಲದ ರೈಲು ಬಾವುಟವನ್ನು ಹರಿದುಕೊಂಡೇ ಹೋಗುತ್ತದೆ. ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22 ಮೀಟರ್. ತುರ್ತು ಬ್ರೇಕ್ ಬಿದ್ದ ಮೇಲೂ ನಿಲ್ಲಲು 200 ಮೀಟರಿನಷ್ಟು ಬೇಕು. ಮೇಲ್ಸೇತುವೆಯಲ್ಲಿ ಪಕ್ಕಕ್ಕೆ ಹಾರೋಣವೆಂದರೆ ಜಾಗವಿಲ್ಲ.

ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಒಪ್ಪಿಗೆ ಪಡೆದರೆ ಸಾಲದೆ? ಸಾಲದು. 2016ರ ಮಾರ್ಚ್ 22ರಂದು ಸಿಂಗಪುರದ ಪಾಸಿರ್ ರಿಸ್ ನಿಲ್ದಾಣದ ಬಳಿ ಸಿಗ್ನಲ್ ಉಪಕರಣ ನೋಡಲು ಹೊರಟ ತಂಡದ ಇಬ್ಬರು ಯುವಕರು ರೈಲಿಗೆ ಸಿಕ್ಕಿ ಸತ್ತರು. ಕಂಟ್ರೋಲ್‌ನ ಅನುಮತಿ ಇತ್ತು. ಆದರೆ ಹಳಿಯ ಆ ತುಂಡಿನ ವೇಗಮಿತಿಯನ್ನು ಸೊನ್ನೆಗೆ ಇಳಿಸುವ ಮೊದಲೇ ತಂಡ ಹಳಿಯ ಕಡೆ ಕಾಲಿಟ್ಟಿತ್ತು, ರೈಲು ಬರುವುದನ್ನು ನೋಡಿ ಕೂಗಲು ಕಾವಲಿನವನೂ ನಿಂತಿರಲಿಲ್ಲ. ಅಲ್ಲಿ ಡ್ರೈವರ್ ಇದ್ದ, ರೈಲು ಆಟೋಮ್ಯಾಟಿಕ್‌ನಲ್ಲಿ ಓಡುತ್ತಿತ್ತು; ಅವನು ಬ್ರೇಕ್ ಹಾಕಿದರೂ ನಿಲ್ಲಲಿಲ್ಲ.

ಬೇಕಾದದ್ದು ಕೆಲಸಗಾರನ ಕೈಯಲ್ಲೇ ಇರುವ ಬೀಗ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸ್ಟಾಫ್ ಪ್ರೊಟೆಕ್ಷನ್ ಕೀ ಸ್ವಿಚ್ ಎಂಬ ಚಿಕ್ಕ ಪೆಟ್ಟಿಗೆ ಇರುತ್ತದೆ. ಕೀ ತಿರುಗಿಸಿ ಹೊರತೆಗೆದು ಜೇಬಿಗೆ ಹಾಕಿಕೊಂಡರೆ, ಅದು ವಾಪಸ್ ಸೇರುವವರೆಗೆ ಆ ತುಂಡಿಗೆ ಬರಲು ಯಾವ ಆಟೋಮ್ಯಾಟಿಕ್ ರೈಲಿಗೂ ಸಿಗ್ನಲ್ ಅಪ್ಪಣೆ ಕೊಡಬಾರದು; ಕಂಟ್ರೋಲ್ ರೂಮಿನಲ್ಲಿ ಕೂತವರು ಬೇಕೆಂದರೂ ತೆರೆಯಲಾಗಬಾರದು. ಎರಡು ಗ್ಯಾಂಗ್ ಇಳಿದರೆ ಎರಡು ಕೀ. ಒಂದೇ ಕೀಯನ್ನು ಹಂಚಿಕೊಂಡಾಗಲೇ ಎಡವಟ್ಟಾಗುವುದು: ಮೊದಲ ಗ್ಯಾಂಗು ಕೆಲಸ ಮುಗಿಸಿ ಕೀ ಹಾಕಿ ಹೋಗುತ್ತದೆ, ಎರಡನೆಯದು ಇನ್ನೂ ಹಳಿಯಲ್ಲೇ ಇರುತ್ತದೆ. ಇನ್ನೊಂದು ಮಾತು: ಕೈಯಿಂದ ಓಡಿಸುವ ದುರಸ್ತಿ ಗಾಡಿಯನ್ನು ಈ ಕೀ ತಡೆಯುತ್ತದೆ ಎಂದು ನಂಬುವಂತಿಲ್ಲ. ಅದಕ್ಕೆ ಕೆಂಪು ದೀಪ, ಕಾವಲಿನವ ಬೇಕೇ ಬೇಕು.

ಕರೆಂಟ್ ತೆಗೆದ ಮೇಲೆ ರೈಲು ಬರುವುದಿಲ್ಲ ಎಂಬುದೂ ಭ್ರಮೆ. ವೇಗದಲ್ಲಿರುವ ರೈಲು ಕರೆಂಟ್ ಇಲ್ಲದೆಯೂ ಉರುಳಿಕೊಂಡು ಬರುತ್ತದೆ. ನಮ್ಮ ಮೆಟ್ರೊದಲ್ಲಿ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿಸಿ ಹರಿಯುತ್ತದೆ. ಕರೆಂಟ್ ತೆಗೆದ ಭಾಗಕ್ಕೂ ಇರುವ ಭಾಗಕ್ಕೂ ನಡುವೆ ರೈಲು ನಿಂತರೆ, ಮೂರನೇ ಹಳಿಗೆ ತಾಗಿ ಕರೆಂಟ್ ಪಡೆಯುವ ಅದರ ಶೂಗಳನ್ನು ಒಳಗೆ ಕೇಬಲ್‌ನಿಂದ ಜೋಡಿಸಿದ್ದರೆ, ಆ ಕೇಬಲ್‌ನಲ್ಲೇ ಕರೆಂಟ್ ಈಚೆಗೆ ದಾಟುತ್ತದೆ. ಹಾಗಾಗಿ ಕರೆಂಟ್ ತೆಗೆಸುವುದು, ಟೆಸ್ಟರ್ ಹಿಡಿದು ನೋಡುವುದು, ಕೆಲಸದ ಜಾಗದ ಎರಡೂ ಬದಿಗೆ ಮೂರನೇ ಹಳಿಯನ್ನು ರೈಲು ಓಡುವ ಹಳಿಗೆ ಜೋಡಿಸುವ ಶಾರ್ಟಿಂಗ್ ಪಟ್ಟಿ ಹಾಕುವುದು, ಇದೇ ಕ್ರಮ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಪರೀಕ್ಷಿಸಿರಬೇಕು. ಕೆಟ್ಟ ಟೆಸ್ಟರ್ ಎಲ್ಲೆಡೆ 'ಇಲ್ಲ' ಎಂದೇ ತೋರಿಸುತ್ತದೆ.

ತುಮಕೂರು ಮಾರ್ಗದ ಟೆಂಡರಿನಲ್ಲೇ ಇವನ್ನೆಲ್ಲ ಬರೆಸಬೇಕು. ಸಿಗ್ನಲ್ ಕೂರಿಸಿದ ಮೇಲೆ ಕೀ ಪೆಟ್ಟಿಗೆ ಸೇರಿಸುವುದು ದುಬಾರಿ, ರಗಳೆ. ರಾತ್ರಿ ಕೆಲಸ ಮುಗಿದಾಗ ಆಳಿನ ಜೊತೆ ಹಾರೆ, ಜಾಕು, ಸ್ಪ್ಯಾನರನ್ನೂ ಎಣಿಸಿ ರಿಜಿಸ್ಟರಿಗೆ ಸಹಿ ಹಾಕಿಸಲಿ. ಬೆಳಗಿನ ಮೊದಲ ರೈಲು ಖಾಲಿಯಾಗಿ, ಮುಂದೆ ಒಬ್ಬ ಮನುಷ್ಯನನ್ನು ಕೂರಿಸಿಕೊಂಡು, ನಿಧಾನವಾಗಿ ಹಳಿ ನೋಡುತ್ತಾ ಹೋಗಲಿ.

ಇತಿ,
ಓದುಗ, ತುಮಕೂರು